ಮಧ್ಯಮಾವತಿಗೆ 127 ಮಿಲಿಮೀಟರ್: ಗಿಟಾರಿನ ಎಡಗೈ ಅಗಲಿಸಿದ ಲೆಕ್ಕ

ಕೆಲಸ ಇಷ್ಟೇ: ಆರನೇ ತಂತಿಯಲ್ಲಿ 1ನೇ ಫ್ರೆಟ್ (ಗಿಟಾರಿನ ನೆಕ್, ಅಂದರೆ ಕತ್ತಿನ ಮೇಲಿನ ಅಡ್ಡ ಸರಿಗೆ), ಐದನೆಯದರಲ್ಲಿ 3, ನಾಲ್ಕನೆಯದರಲ್ಲಿ 5. ಮೂರನ್ನೂ ಒತ್ತಿ ಹಿಡಿದು ಪಿಕ್‌ನಲ್ಲಿ ಒಂದೊಂದೇ ತಂತಿ ಮೀಟಿದರೆ ಯಾವುದೂ ಝರ್ರೆನ್ನಬಾರದು, ಯಾವುದೂ ಸತ್ತು ಬೀಳಬಾರದು. ಗಿಟಾರ್ ಹಿಡಿದವರಿಗೆ ಇದು ಎಂಥ ಹಿಂಸೆ ಎಂದು ವಿವರಿಸಬೇಕಿಲ್ಲ. ಹಿಡಿಯದವರು ಸ್ಕೇಲಿನ ಮೇಲೆ ಎಡಗೈಯ ತೋರುಬೆರಳಿನ ತುದಿಯನ್ನೂ ಕಿರುಬೆರಳಿನ ತುದಿಯನ್ನೂ 127 ಮಿ.ಮೀ. ದೂರದಲ್ಲಿಟ್ಟು, ಗೆಣ್ಣುಗಳನ್ನು ಬಗ್ಗಿಸಿಕೊಂಡೇ ಒತ್ತಿ ನೋಡಬಹುದು.

ಇದು ಬೇಕಾದದ್ದು ಮಧ್ಯಮಾವತಿ ರಾಗದ ದೆಸೆಯಿಂದ. ನಮ್ಮದು ಶಿವಮೊಗ್ಗದ ಒಂದು ಸಣ್ಣ ಸುಗಮ ಸಂಗೀತದ ಗುಂಪು. ಹಾಡುವವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಒಬ್ಬರು ತಬಲಾ, ಒಬ್ಬರು ಹಾರ್ಮೋನಿಯಂ, ನಾನು ಗಿಟಾರ್. ಅಕ್ಕನ ಶ್ರುತಿ ಬಿಳಿ ಐದು, ಅಂದರೆ ಜಿ. ಮಧ್ಯಮಾವತಿಯಲ್ಲಿ ಗಾಂಧಾರವೂ ಇಲ್ಲ, ಧೈವತವೂ ಇಲ್ಲ. ಸ ರಿ ಮ ಪ ನಿ ಅಷ್ಟೇ. ನಾನು ರೂಢಿಯಂತೆ ಜಿ ಮೇಜರ್ ಹಿಡಿದರೆ ಅದರೊಳಗಿನ ಬಿ ಸ್ವರ ಗಾಂಧಾರವಾಗಿ ಬಂದು ಕೂತುಬಿಡುತ್ತದೆ. "ನಾನು ಹಾಡದೆ ಬಿಟ್ಟ ಸ್ವರಾನ ನೀನ್ಯಾಕೆ ತಂದು ಹಾಕ್ತೀಯ ಮಾರಾಯ?" ಎಂದರು ಅಕ್ಕ.

ಗಾಂಧಾರ ಕಿತ್ತುಹಾಕಿ ಸ-ಪ-ರಿ ಕಟ್ಟಿದರೆ ತಕರಾರು ಮುಗಿಯಿತು: ಜಿ, ಡಿ, ಎ. ಫ್ರೆಟ್ 3-5-7. ಅದೇ ಆಕಾರವನ್ನು ಐದನೇ ತಂತಿಯ 3ರಿಂದ ಶುರು ಮಾಡಿದರೆ ಸಿ, ಜಿ, ಡಿ, ಅಂದರೆ ಮ-ಸ-ಪ. ನಿಷಾದದಿಂದ ಕಟ್ಟಿದರೆ ಎಫ್, ಸಿ, ಜಿ, ಅಂದರೆ ನಿ-ಮ-ಸ. ಮೂರು ಕಾರ್ಡ್, ಆಕಾರ ಒಂದೇ, ರಾಗದ ಹೊರಗಿನ ಸ್ವರ ಒಂದೂ ಇಲ್ಲ. ಕಾಗದದ ಮೇಲೆ ಬಹಳ ಚೆಂದ. ಆದರೆ ಆ ಎಫ್ ಇರುವುದು 1ನೇ ಫ್ರೆಟ್‌ನಲ್ಲಿ.

ಎಫ್ ಅನ್ನು ಐದನೇ ತಂತಿಯ 8ರಲ್ಲಿ ಹಿಡಿಯಬಹುದಲ್ಲ ಎಂದು ಕೇಳುವವರು ಇದ್ದಾರೆ. ಹಿಡಿಯಬಹುದು, 8-10-12, ಅಗಲ 85 ಮಿ.ಮೀ. ಒಳಗೆ. ಆದರೆ ಆಗ ಒಂದು ಸ್ಥಾಯಿ ಮೇಲೇರಿ ಅಕ್ಕನ ದನಿ ಓಡಾಡುವ ಜಾಗಕ್ಕೇ ಗಿಟಾರ್ ಹೋಗಿ ನಿಲ್ಲುತ್ತದೆ, ತಳ ಖಾಲಿಯಾಗುತ್ತದೆ. ಬಹಳ ದಿನ ಹಾಗೇ ನುಡಿಸಿದ್ದೂ ಆಯಿತು. ತಬಲಾದವರು ಪ್ರತಿ ಸಲ ಆ ಜಾಗ ಬಂದಾಗ ನನ್ನ ಕಡೆ ತಿರುಗಿ ನೋಡುತ್ತಿದ್ದರು.

1. ಅಳತೆ (ಜೂನ್)

ಮೊದಲು ಗಿಟಾರ್ ಅಳೆದೆ. ನಟ್‌ನಿಂದ (ತಲೆಯ ಕಡೆ ತಂತಿ ಕೂರುವ ತುಂಡು) 12ನೇ ಫ್ರೆಟ್‌ವರೆಗೆ 325 ಮಿ.ಮೀ. ಇತ್ತು, ಅದರ ಎರಡರಷ್ಟು, 650, ತಂತಿಯ ಪೂರ್ತಿ ಉದ್ದ. ಬೆರಳು ಫ್ರೆಟ್ ಸರಿಗೆಯ ಬೆನ್ನಿಗೇ ಕೂರಬೇಕಾದ್ದರಿಂದ ಸರಿಗೆಯಿಂದ ಸರಿಗೆಗೆ ಎಷ್ಟಿದೆಯೋ ಬೆರಳ ತುದಿಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಆಕಾರ ಬೇರೆ ಬೇರೆ ಜಾಗದಲ್ಲಿ ಕೇಳುವ ಅಗಲ ಹೀಗೆ ಬಂತು:

9-11-13: 80 ಮಿ.ಮೀ.
7-9-11: 89
5-7-9: 100
3-5-7: 113
2-4-6: 119
1-3-5: 127

ಇದನ್ನು ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಅಲ್ಲಿಯವರೆಗೆ ನಾನು ಮಾಡುತ್ತಿದ್ದುದು ನೇರ 1-3-5 ಹಿಡಿದು ಹಲ್ಲು ಕಚ್ಚುವುದು. ಅದರಿಂದ ಮುಂಗೈ ಸೆಟೆದುಕೊಂಡಿತೇ ಹೊರತು ಬೆರಳು ಒಂದು ನೂಲೂ ಅಗಲವಾಗಲಿಲ್ಲ. 80ರಲ್ಲಿ ಕೈಗೆ ಏನೂ ತೊಂದರೆಯಿಲ್ಲ. ಅಲ್ಲಿಂದ ಒಂದೊಂದೇ ಫ್ರೆಟ್ ಕೆಳಗಿಳಿದರೆ ಒಂದು ಸಲಕ್ಕೆ ಕೂಡುವುದು ನಾಲ್ಕರಿಂದ ಏಳು ಮಿ.ಮೀ. ಮಾತ್ರ. ಇಳಿಯಲು ಒಂದೇ ಶರತ್ತು: ಆ ಜಾಗದಲ್ಲಿ ಮೂರೂ ತಂತಿ ಸ್ಪಷ್ಟ ಕೇಳಬೇಕು ಮತ್ತು ಕೈ ಬಿಟ್ಟ ತಕ್ಷಣ ಹೆಬ್ಬೆರಳಿನ ಬುಡದಲ್ಲಿ ನೋವು ಇರಬಾರದು. ಸದ್ದು ಸರಿ, ನೋವಿದೆ ಎಂದರೆ ಇಳಿಯುವಂತಿಲ್ಲ.

ಮೇಲಿನಿಂದ ಇಳಿಯುವಾಗ ಒಂದು ಕಿರಿಕಿರಿ. ನನ್ನ ಗಿಟಾರಿನ ಒಡಲು 14ನೇ ಫ್ರೆಟ್‌ನಲ್ಲಿ ಸೇರುತ್ತದೆ, ಕಟ್‌ಅವೇ (ಕೈ ತೂರಲು ಒಡಲಲ್ಲಿ ಕತ್ತರಿಸಿದ ಜಾಗ) ಇಲ್ಲ. ಹಾಗಾಗಿ 9-11-13ರಲ್ಲಿ ಅಂಗೈ ಒಡಲಿಗೆ ತಾಗುತ್ತದೆ. ಅಲ್ಲಿ ಹೆಚ್ಚು ಹೊತ್ತು ಕೂರದೆ 7ಕ್ಕೆ ಬಂದೆ.

2. ಮಳೆಗಾಲದ ಸ್ಯಾಡಲ್ (ಜುಲೈ)

5-7-9ಕ್ಕೆ ಬಂದಾಗ ನಾಲ್ಕನೇ ತಂತಿ ಏಳಲೇ ಇಲ್ಲ. ಜೂನ್‌ನಲ್ಲಿ ಬಂದ ಸದ್ದು ಜುಲೈನಲ್ಲಿ ಯಾಕೆ ಇಲ್ಲ? ಕೈ ಅದೇ. ಬದಲಾದದ್ದು ಮಳೆ.

ವಾರದ ಕೊನೆಗೆ ಗಿಟಾರ್ ನನ್ನ ಜೊತೆ ತೀರ್ಥಹಳ್ಳಿ ಕಡೆಯ ಮನೆಗೆ ಬರುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಮಗ್ಗುಲು. ಉಪ್ಪರಿಗೆಯಲ್ಲಿ ಹೈಗ್ರೋಮೀಟರ್ (ಹವೆಯ ತೇವ ಅಳೆಯುವ ಸಾಧನ) ಇಟ್ಟರೆ ಶೇ. 88 ತೋರಿಸಿತು. ಗಿಟಾರಿಗೆ ಹಿತವಾದದ್ದು 45ರಿಂದ 55. ತೇವ ಕುಡಿದ ಮೇಲಿನ ಹಲಗೆ ಉಬ್ಬುತ್ತದೆ, ಅದರ ಜೊತೆ ಬ್ರಿಡ್ಜ್ (ಒಡಲಿನ ಮೇಲೆ ತಂತಿ ಕಟ್ಟುವ ಪಟ್ಟಿ), ಅದರೊಳಗೆ ನಿಂತು ತಂತಿ ಹೊರುವ ಸ್ಯಾಡಲ್ ಏಳುತ್ತದೆ, ತಂತಿ ಫ್ರೆಟ್‌ನಿಂದ ದೂರ ಸರಿಯುತ್ತದೆ. 12ನೇ ಫ್ರೆಟ್‌ನಲ್ಲಿ ಆರನೇ ತಂತಿಯ ಕೆಳಗೆ ಅಳೆದರೆ 3.2 ಮಿ.ಮೀ. 2.5ರ ಆಸುಪಾಸು ಇರಬೇಕಾದದ್ದು. ಅಗಲಿಸಿದ ಬೆರಳಿಗೆ ಒತ್ತುವ ಶಕ್ತಿ ಮೊದಲೇ ಕಡಿಮೆ, ಕಿರುಬೆರಳಿಗಂತೂ ಇಲ್ಲವೇ ಇಲ್ಲ. ಅಂಥದ್ದರಲ್ಲಿ 0.7 ಮಿ.ಮೀ. ಹೆಚ್ಚಾದರೆ ಅಭ್ಯಾಸದಿಂದ ಸರಿಹೋಗುವ ಮಾತಲ್ಲ.

ಮಾಡಿದ ಕ್ರಮ ಬರೆಯುತ್ತೇನೆ. ಕ್ರಮ ತಪ್ಪಿಸಬಾರದು, ಒಂದರ ಅಳತೆ ಇನ್ನೊಂದನ್ನು ಕೆಡಿಸುತ್ತದೆ.

ತಂತಿ: 12-53 ದಪ್ಪದ್ದು ತೆಗೆದು, ಸ್ವಲ್ಪ ತೆಳುವಾದ 11-52 ಹಾಕಿದೆ, ₹450. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಶ್ರುತಿ ಮಾಡಿದೆ.

ನೆಕ್: 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಆರನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 7ನೇ ಫ್ರೆಟ್‌ನ ಮೇಲೆ ಉಳಿಯುವ ಸಂದಿ ಅಳೆಯಬೇಕು. ಅದಕ್ಕೆ ಫೀಲರ್ ಗೇಜ್ ಬೇಕು. ಬಿ.ಎಚ್. ರಸ್ತೆಯ ಬೈಕ್ ಮೆಕ್ಯಾನಿಕ್ ಒಬ್ಬರ ಬಳಿ ಕೇಳಿದೆ. "ಗಿಟಾರಿಗೂ ಟ್ಯಾಪೆಟ್ ಇರ್ತದಾ ಸಾರ್?" ಎಂದು ನಕ್ಕು, ಗ್ರೀಸ್ ಒರೆಸಿ ಕೊಟ್ಟರು. ಸಂದಿ 0.35 ಇತ್ತು. ಟ್ರಸ್ ರಾಡ್‌ಗೆ (ಬಾಗು ಸರಿಪಡಿಸಲು ನೆಕ್‌ನೊಳಗೆ ಇರುವ ಕಂಬಿ) ಅಲೆನ್ ಕೀ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕಾಲು ಸುತ್ತು, 0.2ಕ್ಕೆ ಬಂತು. ಕಾಲು ಸುತ್ತಿನ ಮೇಲೆ ಒಂದೇ ಸಲಕ್ಕೆ ತಿರುಗಿಸಬಾರದು, ಗಟ್ಟಿಯಾಗಿ ತಡೆದರೆ ಅಲ್ಲೇ ಬಿಡಬೇಕು.

ಸ್ಯಾಡಲ್: ನೆಕ್ ಸರಿಯಾದ ಮೇಲೆ ಮತ್ತೆ ಅಳೆದರೆ 12ರಲ್ಲಿ 3.1. ಇಳಿಸಬೇಕಾದದ್ದು 0.6. ಸ್ಯಾಡಲ್‌ನಲ್ಲಿ ಅದರ ಎರಡರಷ್ಟು, 1.2 ಮಿ.ಮೀ. ತೆಗೆಯಬೇಕು, ಯಾಕೆಂದರೆ 12ನೇ ಫ್ರೆಟ್ ಇರುವುದು ತಂತಿಯ ನಡುಮಧ್ಯದಲ್ಲಿ. ಇಲ್ಲಿ ಒಂದು ನಿಮಿಷ ಕೂತು ಯೋಚಿಸಿದ್ದು ಒಳ್ಳೆಯದಾಯಿತು. ಇದ್ದ ಸ್ಯಾಡಲ್ಲನ್ನೇ ಉಜ್ಜಿದರೆ ಮಾರ್ಚ್‌ನಲ್ಲಿ ಹಲಗೆ ಒಣಗಿ ಇಳಿದಾಗ ತಂತಿಯೆಲ್ಲ ಫ್ರೆಟ್‌ಗೆ ಬಡಿಯುತ್ತದೆ. ಮೂಳೆಯ ಒಂದು ಹೊಸ ತುಂಡು ತಂದೆ, ₹200. ಹಳೆಯದನ್ನು ಅಚ್ಚಿಟ್ಟುಕೊಂಡು ಮೇಲಿನ ಬಾಗು ಹಾಗೇ ಗುರುತಿಸಿ, ಅರದಿಂದ ಆ ಆಕಾರಕ್ಕೆ ತಂದು, ಕೆಳಗಿನಿಂದ 1.2 ಮಿ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆದೆ. ಕಿಟಕಿಯ ಹಳೆಯ ಗಾಜಿನ ತುಂಡಿನ ಮೇಲೆ 220ರ ಉಪ್ಪುಕಾಗದ ಅಂಟಿಸಿ ಅದರ ಮೇಲೆ ಮೂಳೆಯನ್ನು ಉಜ್ಜುವುದು. ಗೊತ್ತಿಲ್ಲದೆಯೇ ಬೆರಳು ಒಂದು ಕಡೆಗೆ ಭಾರ ಹಾಕುತ್ತದೆ, ತಳ ಓರೆಯಾಗುತ್ತದೆ. ಹತ್ತು ಸಲ ಉಜ್ಜಿ ಮೂಳೆಯನ್ನು ತಿರುಗಿಸಿ ಹಿಡಿದರೆ ಸಮ ಬರುತ್ತದೆ. ಗೆರೆ ಹತ್ತಿರವಾದ ಮೇಲೆ 400ರ ಕಾಗದ. ತಳ ಒಂದಿಷ್ಟು ಡೊಂಕಿದ್ದರೂ ಬ್ರಿಡ್ಜ್‌ನ ತೋಡಿನಲ್ಲಿ ಪೂರ್ತಿ ಕೂರುವುದಿಲ್ಲ, ಸದ್ದು ಮಂಕಾಗುತ್ತದೆ. ಕೋಣೆಯ ತುಂಬ ಮೂಳೆ ಸುಟ್ಟಂಥ ವಾಸನೆ. ಮನೆಯವರು ಜಗುಲಿಗೆ ಓಡಿಸಿದರು.

ಈಗ ಎರಡು ಸ್ಯಾಡಲ್ ಇವೆ. ಗಿಡ್ಡದ್ದು ಜೂನ್‌ನಿಂದ ಅಕ್ಟೋಬರ್‌ಗೆ, ಉದ್ದದ್ದು ಉಳಿದ ಕಾಲಕ್ಕೆ. ಬಳಸದೆ ಇರುವುದು ಬೆಂಕಿಪೊಟ್ಟಣದಲ್ಲಿ, ಮೇಲೆ ತಿಂಗಳ ಹೆಸರು. ಈ ಇಡೀ ಕೆಲಸದಲ್ಲಿ ಯಾರಿಗಾದರೂ ಕಣ್ಣುಮುಚ್ಚಿ ಶಿಫಾರಸು ಮಾಡುವುದಿದ್ದರೆ ಇದೊಂದನ್ನೇ.

ನಟ್: 1ನೇ ಫ್ರೆಟ್‌ನಲ್ಲಿ ಒತ್ತಬೇಕಾದವರಿಗೆ ನಟ್‌ನ ಎತ್ತರ ಮುಖ್ಯ. ತಂತಿಯನ್ನು 2 ಮತ್ತು 3ರ ನಡುವೆ ಒತ್ತಿದಾಗ 1ನೇ ಫ್ರೆಟ್ ಮೇಲೆ ಕಾಗದ ತೂರುವಷ್ಟು ಮಾತ್ರ ಸಂದಿ ಇರಬೇಕು. ನನ್ನದರಲ್ಲಿ ಆರನೇ ತಂತಿಗೆ ವಿಸಿಟಿಂಗ್ ಕಾರ್ಡ್ ಎರಡು ತೂರಿದವು. ನಟ್ ಅರಗಳ ಸೆಟ್ ಸಾವಿರಗಟ್ಟಲೆ. ತೆಗೆದ ಹಳೆಯ ಆರನೇ ತಂತಿಯನ್ನೇ ನಟ್‌ನ ತೋಡಿನಲ್ಲಿ ಹಿಂದೆಮುಂದೆ ಎಳೆದೆ, ತಲೆಯ ಕಡೆಗೆ ಇಳಿಜಾರಾಗಿ. ನಿಧಾನ ಕೆಲಸ, ಆದರೆ ಹೆಚ್ಚು ಕೊರೆದುಬಿಡುವ ಭಯ ಕಡಿಮೆ. ಒಂದು ಕಾರ್ಡ್ ಬಿಗಿಯಾಗಿ ತೂರುವಲ್ಲಿಗೆ ನಿಲ್ಲಿಸಿದೆ. ಇನ್ನೂ ಇಳಿಸಬಹುದಿತ್ತು, ಧೈರ್ಯ ಬರಲಿಲ್ಲ.

ಗಿಟಾರ್ ಪೆಟ್ಟಿಗೆಗೆ ನೀಲಿ ಸಿಲಿಕಾ ಜೆಲ್, ₹300ರದ್ದು, ಹಳೇ ಪಂಚೆಯಲ್ಲಿ ಹೊಲಿದ ಚೀಲಗಳಲ್ಲಿ. ತೇವ ಕುಡಿದು ಗುಲಾಬಿಯಾದಾಗ ತಗಡಿನ ತಟ್ಟೆಯಲ್ಲಿ ಹರಡಿ ಬಚ್ಚಲ ಒಲೆಯ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ನೀಲಿ. ಅಡುಗೆಯ ಬಾಣಲೆಗೆ ಮಾತ್ರ ಹಾಕಬೇಡಿ, ಆ ನೀಲಿ ಕೋಬಾಲ್ಟ್ ಕ್ಲೋರೈಡ್, ಹೊಟ್ಟೆಗೆ ಹೋಗುವಂಥದ್ದಲ್ಲ. ಗಿಟಾರನ್ನೇ ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡುವ ಉಪಾಯವನ್ನು ಊರಲ್ಲಿ ಕೆಲವರು ಹೇಳಿದರು; ಕಾವಿಗೆ ಬ್ರಿಡ್ಜ್‌ನ ಅಂಟು ಬಿಡುತ್ತದೆ, ಬೇಡ.

3. ಹೆಬ್ಬೆರಳು (ಆಗಸ್ಟ್)

ಸ್ಯಾಡಲ್ ಇಳಿದ ಮೇಲೆ 5-7-9 ತಾನಾಗಿ ಬಂತು. 3-5-7ರಲ್ಲಿ ಮತ್ತೆ ಗಾಡಿ ನಿಂತಿತು.

ಮೊದಲು ಹಿಡಿಯುತ್ತಿದ್ದದ್ದು ತೋರುಬೆರಳು, ಉಂಗುರ ಬೆರಳು, ಕಿರುಬೆರಳಿನಲ್ಲಿ. ಹಾಗೆ ಹಿಡಿದರೆ 5ರಿಂದ 7ಕ್ಕೆ ಇರುವ 53 ಮಿ.ಮೀ.ಯನ್ನು ಉಂಗುರ ಬೆರಳು, ಕಿರುಬೆರಳು ಎರಡೇ ತುಂಬಬೇಕು, ಮತ್ತು ಈ ಎರಡು ಬೆರಳು ಒಂದನ್ನೊಂದು ಬಿಟ್ಟು ದೂರ ಹೋಗುವ ಜಾತಿಯವಲ್ಲ. ಉಂಗುರ ಬೆರಳಿನ ಬದಲು ನಡುಬೆರಳು ಹಾಕಿದೆ. ಆಗ ಅದೇ 53 ಮೂರು ಬೆರಳಿನ ಮೇಲೆ ಹಂಚಿಹೋಗುತ್ತದೆ. ತೋರುಬೆರಳು-ನಡುಬೆರಳಿನ ನಡುವಿನ 60 ಮಿ.ಮೀ. ಹೆಚ್ಚಿದ್ದರೂ ಅಲ್ಲಿ ಕೈ ಸಲೀಸಾಗಿ ತೆರೆಯುತ್ತದೆ. ಒಂದು ಸಂಜೆಯಲ್ಲಿ ಸಿಕ್ಕ ಲಾಭ ಇದು.

ಇನ್ನೊಂದು ಬಹಳ ತಡವಾಗಿ ಸಿಕ್ಕಿತು. ನಾನು ತೋರುಬೆರಳನ್ನು 3ರಲ್ಲಿ ನೆಟ್ಟು ಅಲ್ಲಿಂದ ಕಿರುಬೆರಳನ್ನು 7ರ ಕಡೆಗೆ ತಳ್ಳುತ್ತಿದ್ದೆ. ಹೆಬ್ಬೆರಳು ತೋರುಬೆರಳಿನ ಹಿಂದೆಯೇ ಕೂತಿರುತ್ತಿತ್ತು. ತಿರುಗಿಸಿ ಮಾಡಿದೆ: ಕಿರುಬೆರಳನ್ನು ಮೊದಲು 7ರಲ್ಲಿ ಇಟ್ಟು, ಹೆಬ್ಬೆರಳನ್ನು ನೆಕ್‌ನ ಹಿಂದೆ 5ನೇ ಫ್ರೆಟ್‌ನ ಆಚೀಚೆ, ನಡುಗೆರೆಗಿಂತ ಸ್ವಲ್ಪ ಕೆಳಗೆ ಇಳಿಸಿ, ಆಮೇಲೆ ತೋರುಬೆರಳನ್ನು ಹಿಂದಕ್ಕೆ 3ರ ಕಡೆ ಚಾಚಿದೆ. ತೋರುಬೆರಳು ನೆಟ್ಟಗೆ ನಿಲ್ಲುವುದಿಲ್ಲ, ಹೆಬ್ಬೆರಳಿನ ಕಡೆಯ ಮಗ್ಗುಲಿನ ಮೇಲೆ ಒರಗುತ್ತದೆ. ಒರಗಲಿ. ಹಿಂದಕ್ಕೆ ಚಾಚುವ ಕಸುವು ತೋರುಬೆರಳಿಗೆ ಇದೆ. ಮುಂದಕ್ಕೆ ಚಾಚುವ ಕಸುವು ಕಿರುಬೆರಳಿಗೆ ಇಲ್ಲ. ಹಾಗಾಗಿ ಕೈಯ ಬಿಡಾರ ಕಿರುಬೆರಳಿನ ಕಡೆ.

ಕೂರುವ ಭಂಗಿಯೂ ಬದಲಾಯಿತು. ಬಲ ತೊಡೆಯ ಮೇಲಿದ್ದ ಗಿಟಾರ್ ಎಡ ತೊಡೆಗೆ ಬಂತು, ಎಡ ಪಾದದ ಕೆಳಗೆ ಊಟದ ಮಣೆ ಮೂರು, ಒಂದರ ಮೇಲೊಂದು, ಒಟ್ಟು 14 ಸೆಂ.ಮೀ. ನೆಕ್ ಮೇಲಕ್ಕೆ ಏಳುವುದರಿಂದ ಮಣಿಕಟ್ಟು ಹೆಚ್ಚು ಮಡಚಬೇಕಿಲ್ಲ. ಮಣಿಕಟ್ಟು ಮಡಚಿದಷ್ಟೂ ಬೆರಳು ಅಗಲವಾಗುವುದು ಕಡಿಮೆ. ಗಿಟಾರ್ ಬಿಟ್ಟು ಬರಿಗೈಯಲ್ಲಿ ಮಣಿಕಟ್ಟು ಮಡಚಿ ಒಮ್ಮೆ, ನೇರ ಮಾಡಿ ಒಮ್ಮೆ ಬೆರಳು ಅಗಲಿಸಿದರೆ ಗೊತ್ತಾಗುತ್ತದೆ.

ಕೈಗೆ ಬಿಸಿ ಬೇಕು. ಬೆಳಿಗ್ಗೆ ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಕೈ ಅದ್ದಿ ಕೂತರೆ 3-5-7 ಮೊದಲ ಸಲಕ್ಕೇ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಸಲಕ್ಕೆ ಐದು ನಿಮಿಷ, ಆಮೇಲೆ ಕೈ ಜೋಲುಬಿಟ್ಟು ಬಿಡುವು. ಬಲಗೈಯಿಂದ ಎಡಗೈ ಬೆರಳನ್ನು ಹಿಡಿದು ಎಳೆದು ಅಗಲಿಸುವ ವ್ಯಾಯಾಮ ಕೆಲವರು ತೋರಿಸುತ್ತಾರೆ. ನಾನು ಮಾಡಲಿಲ್ಲ. ಬೆರಳು ಜೋಮು ಹಿಡಿದರೆ, ಮುಂಗೈಯಲ್ಲಿ ಚಳುಕು ಬಂದರೆ ಆ ದಿನಕ್ಕೆ ಮುಗಿಯಿತು, ಮರುದಿನ ಎರಡು ಫ್ರೆಟ್ ಮೇಲಿನಿಂದ ಶುರು.

4. ಪಿಕ್ (ಆಗಸ್ಟ್, ಸೆಪ್ಟೆಂಬರ್)

ಎಡಗೈ ಇನ್ನೂ ಇಳಿಯುತ್ತಿರುವಾಗಲೇ ಬಲಗೈಯನ್ನು ಬೇರೆಯಾಗಿ ಕೂರಿಸಿದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎಲ್ಲಿ ತಪ್ಪುತ್ತಿದೆ ಎಂದೇ ತಿಳಿಯುವುದಿಲ್ಲ. ಎಡಗೈಯಲ್ಲಿ ತಂತಿಗಳನ್ನು ಸುಮ್ಮನೆ ಮುಟ್ಟಿ ಮೂಕ ಮಾಡಿ, ಬಲಗೈ ಮಾತ್ರ.

ನಮ್ಮ ಹಾಡು ದಾದ್ರಾ, ಆರು ಮಾತ್ರೆ. ಕಿರುಬೆರಳನ್ನು ಮಲಗಿಸಿ ನಾಲ್ಕನೇ ಮತ್ತು ಮೂರನೇ ತಂತಿ ಎರಡನ್ನೂ 7ರಲ್ಲಿ ಒತ್ತಿದರೆ ನಾಲ್ಕು ತಂತಿ ಸಿಗುತ್ತವೆ: 3-5-7-7, ಸ-ಪ-ರಿ-ಪ. ತಂತಿಗಳನ್ನು 6, 5, 4, 3, 4, 5 ಎಂದು ಹತ್ತಿ ಇಳಿದರೆ ಸರಿಯಾಗಿ ಆರು ಹೊಡೆತ, ಏಳನೆಯದು ಮತ್ತೆ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ. ಈ ಜೋಡಣೆ ಸಿಕ್ಕಾಗ ಬಹಳ ಖುಷಿಯಾಗಿತ್ತು.

ಹೊಡೆತದ ದಿಕ್ಕಿಗೆ ಎರಡು ದಾರಿ. ಒಂದು, ಕೆಳಗೆ-ಮೇಲೆ-ಕೆಳಗೆ-ಮೇಲೆ ಎಂದು ಕಟ್ಟುನಿಟ್ಟಾಗಿ. ಆರು ಸಮಸಂಖ್ಯೆ, ಆದ್ದರಿಂದ ಪ್ರತಿ ಆವರ್ತ ಕೆಳಹೊಡೆತದಿಂದಲೇ ಶುರುವಾಗುತ್ತದೆ. ತೊಂದರೆ ಎಂದರೆ ಐದನೇ ತಂತಿಯನ್ನು ಮೇಲಕ್ಕೆ ಮೀಟಿದ ಪಿಕ್, ನಾಲ್ಕನೆಯದನ್ನು ಕೆಳಕ್ಕೆ ಮೀಟಲು ಐದನ್ನು ಹಾರಿ ಬರಬೇಕು. ಹಾರುವಾಗ ಅದೇ ಐದನೇ ತಂತಿಗೆ ತಗುಲಿ ಟಕ್ ಎನ್ನುತ್ತದೆ. ಇನ್ನೊಂದು, 6-5-4-3 ನಾಲ್ಕನ್ನೂ ಒಂದೇ ಕೆಳಜಾರಿನಲ್ಲಿ, ಹಿಂದಿರುಗುವ 4-5 ಎರಡನ್ನು ಮೇಲಕ್ಕೆ. ಇದು ಮೃದು, ನಾಲ್ಕೂ ಸ್ವರಕ್ಕೆ ಒಂದೇ ಬಣ್ಣ. ಆದರೆ ಕೆಳಜಾರಿನಲ್ಲಿ ಕೈ ಓಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಮೊದಲ ನಾಲ್ಕು ಮಾತ್ರೆ ಒತ್ತೊತ್ತಾಗಿ, ಐದನೆಯದರ ಮುಂದೆ ಒಂದು ಸಣ್ಣ ಹಳ್ಳ. ನುಡಿಸುವಾಗ ಅದು ಕಿವಿಗೆ ಬೀಳುವುದೇ ಇಲ್ಲ.

ಹಳ್ಳ ಮುಚ್ಚಲು ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಳಿಸಿ, ಪ್ರತಿ ಹೊಡೆತದ ನಂತರ ಪಿಕ್ ಮುಂದಿನ ತಂತಿಯ ಮೇಲೆ ಬಂದು ಒರಗಿ ನಿಲ್ಲಬೇಕು, ಬಡಿತ ಬಂದಾಗ ಮಾತ್ರ ಒತ್ತಿ ಬಿಡಬೇಕು ಎಂದು ಮಾಡಿದೆ. 100 ದಾಟುವವರೆಗೆ ಈ ಒರಗುವಿಕೆ ಬಿಡಲಿಲ್ಲ. ನಿಧಾನದ ಹಾಡಿಗೆ ಈಗ ಕೆಳಜಾರನ್ನೇ ಬಳಸುತ್ತೇನೆ, 130ರ ಮೇಲೆ ಹೋದರೆ ಕೆಳಗೆ-ಮೇಲೆ. ಗಿಟಾರ್ ಬಲ್ಲವರು ಒಂದೇ ದಾರಿ ಹಿಡಿ ಎನ್ನುತ್ತಾರೆ; ಭಾವಗೀತೆಗೆ ಮೃದುತ್ವ ಬೇಕು, ನನಗೆ ಎರಡೂ ಇರಲಿ ಎನಿಸಿದೆ.

ಪಿಕ್ 0.6, 0.73, 1.0 ಮೂರು ತಂದಿದ್ದೆ, ಒಂದಕ್ಕೆ ₹30. 0.6 ತಂತಿಯ ಮೇಲೆ ಬಾಗಿ ಚಟ್ ಎನ್ನುತ್ತದೆ, 1.0 ಎಡಗೈ ತಡಮಾಡಿದಾಗ ಅದನ್ನು ಎತ್ತಿ ತೋರಿಸುತ್ತದೆ. 0.73 ಉಳಿಯಿತು. ತುದಿ ಬೆರಳಿನಿಂದ 4-5 ಮಿ.ಮೀ. ಮಾತ್ರ ಹೊರಗೆ.

5. ಬೀಳುವ ಕ್ರಮ (ಅಕ್ಟೋಬರ್)

ಎರಡೂ ಕೈ ಸೇರಿಸಿದಾಗ ನಿಜವಾದ ಕೆಲಸ ಶುರುವಾಯಿತು. ಕೂತ ಜಾಗದಲ್ಲಿ 3-5-7-7 ಚೆನ್ನಾಗಿ ಬರುತ್ತದೆ. ಅಲ್ಲಿಂದ 1-3-5-5ಕ್ಕೆ ಹೋಗುವಾಗ ಪ್ರತಿ ಸಲ ಒಂದು ಮಾತ್ರೆ ತಡ. ಮೂರೂ ಬೆರಳಿನ ಕೆಲಸ ಪಕ್ಕಾ ಆದ ಮೇಲೆಯೇ ಮೊದಲ ತಂತಿ ಮೀಟುವುದು ಎಂಬ ಹಟ ಕೈಗೆ ಅಂಟಿತ್ತು. ಒಟ್ಟಿಗೆ ಬಾರಿಸುವ ಕಾರ್ಡ್‌ಗೆ ಅದು ಸರಿ. ಒಂದೊಂದೇ ತಂತಿ ಮೀಟುವಾಗ ಅದರ ಅಗತ್ಯವೇ ಇಲ್ಲ.

ನಿಮಿಷಕ್ಕೆ 160 ಮಾತ್ರೆಯ ಓಟದಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ 0.375 ಸೆಕೆಂಡ್. ನಾಲ್ಕನೇ ತಂತಿ ಬರುವುದು ಮೂರನೇ ಹೊಡೆತಕ್ಕೆ. ಅಂದರೆ ತೋರುಬೆರಳು ಬಿದ್ದ ಮೇಲೆ ಕಿರುಬೆರಳಿಗೆ ಮುಕ್ಕಾಲು ಸೆಕೆಂಡ್ ಇದೆ. 100ರ ಓಟದಲ್ಲಿ 1.2 ಸೆಕೆಂಡ್, ಅಷ್ಟು ಹೊತ್ತಿಗೆ ಕಿರುಬೆರಳು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು.

ಆದ್ದರಿಂದ ಬೆರಳು ಬೀಳುವ ಕ್ರಮ ತಂತಿ ನುಡಿಯುವ ಕ್ರಮವೇ ಆಗಬೇಕು: ತೋರುಬೆರಳು, ನಡುಬೆರಳು, ಕಿರುಬೆರಳು. ಆದರೆ ಹೆಬ್ಬೆರಳು ಮಾತ್ರ ಮೊದಲೇ ಕಿರುಬೆರಳಿನ ಲೆಕ್ಕಕ್ಕೆ ಜಾಗ ಹಿಡಿದಿರಬೇಕು. ಮೂರನೇ ಹಂತದಲ್ಲಿ ಕಿರುಬೆರಳನ್ನು ಮೊದಲು ಇಟ್ಟು ಕಲಿತದ್ದು ಇಲ್ಲಿ ತಲೆಕೆಳಗಾಯಿತೇ ಎಂದು ಗೊಂದಲವಾಗಿತ್ತು. ಹಾಗಲ್ಲ. ಅಲ್ಲಿ ಕಲಿತದ್ದು ಅಂಗೈ ಎಲ್ಲಿರಬೇಕು ಎಂದು. ಅಂಗೈ ಅಲ್ಲೇ ಇರುತ್ತದೆ, ಕಿರುಬೆರಳು ತಂತಿಯ ಮೇಲೆ ಅರ್ಧ ಸೆಂ.ಮೀ. ಎತ್ತರದಲ್ಲಿ ಕಾಯುತ್ತಿರುತ್ತದೆ, ಸದ್ದು ಮಾತ್ರ ತೋರುಬೆರಳಿನಿಂದ ಶುರು.

ಬಿಡುವಾಗಲೂ ಹೀಗೆಯೇ. ಆರನೇ ಮಾತ್ರೆಯಲ್ಲಿ ನುಡಿಯುವುದು ಐದನೇ ತಂತಿ. ಆ ಹೊತ್ತಿಗೆ ಬೇಕಾದದ್ದು ನಡುಬೆರಳು ಒಂದೇ. ಕಿರುಬೆರಳು ಆಗಲೇ ಎದ್ದಿರುತ್ತದೆ, ತೋರುಬೆರಳು ಒತ್ತಡ ಬಿಟ್ಟು ಆರನೇ ತಂತಿಯ ಮೇಲೆ 3ರಿಂದ 1ಕ್ಕೆ ಜಾರಲು ಶುರು ಮಾಡಿರುತ್ತದೆ. ಒತ್ತಡ ಬಿಡದೆ ಜಾರಿಸಿದರೆ ಕೀಯ್ ಎಂಬ ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತದೆ. ಪೂರ್ತಿ ಎತ್ತಿದರೆ ಹಿಂದಿರುಗುವ ದಾರಿ ತಪ್ಪುತ್ತದೆ. ಚರ್ಮ ತಂತಿಗೆ ತಾಗಿರಬೇಕು, ಒತ್ತಿರಬಾರದು. ಇದು ಬರಲು ಹೆಚ್ಚು ಸಮಯ ಹಿಡಿಯಿತು, ಅಗಲಿಸುವುದಕ್ಕಿಂತ ಹೆಚ್ಚು.

ಕಿರುಬೆರಳನ್ನು ಎರಡು ತಂತಿಯ ಮೇಲೆ ಮಲಗಿಸುವಾಗ ತುದಿಗೆಣ್ಣು ಒಳಕ್ಕೆ ಕುಸಿಯುತ್ತದೆ. ಕುಸಿಯಬಾರದು ಎಂದು ಹೋರಾಡಿದ್ದು ದಂಡ. ಕುಸಿದರೇ ಮೂರನೇ ತಂತಿ ಒತ್ತುವುದು. ನಾಲ್ಕನೆಯದು ಬೆರಳ ತುದಿಯಲ್ಲಿ, ಮೂರನೆಯದು ಗೆಣ್ಣಿನ ಮಡಿಕೆಗಿಂತ ಸ್ವಲ್ಪ ಮೇಲಿನ ಮಾಂಸದಲ್ಲಿ. ಮಡಿಕೆಯ ಮೇಲೆಯೇ ಬಿದ್ದರೆ ಸದ್ದು ಸಾಯುತ್ತದೆ.

ಐದನೇ ತಂತಿಯಿಂದ ಶುರುವಾಗುವ ಸಿ-ಜಿ-ಡಿಯಲ್ಲಿ ಈ ಮಲಗಿಸುವಿಕೆ ನಡೆಯುವುದಿಲ್ಲ. ಎರಡನೇ ತಂತಿಯ 7ರಲ್ಲಿ ಎಫ್ ಶಾರ್ಪ್ ಇದೆ, ರಾಗಕ್ಕೆ ಹೊರಗು. ಅಲ್ಲಿ ಮೂರೇ ತಂತಿ, 5-4-3-4-3-4 ಎಂದು ಆರು ಮಾತ್ರೆ ತುಂಬುತ್ತೇನೆ.

6. ಕೊನೆ ಕೊಯ್ಲು (ನವೆಂಬರ್ ನಂತರ)

ಅಡಿಕೆ ಸುಗ್ಗಿಯಲ್ಲಿ ಅಭ್ಯಾಸ ಅರ್ಧಕ್ಕಿಳಿಯಿತು. ಸಂಜೆಯಿಂದ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದರೆ ಹೆಬ್ಬೆರಳಿನ ಬುಡ ದಣಿದಿರುತ್ತದೆ, ಮತ್ತು 127 ಮಿ.ಮೀ.ಗೆ ಬೇಕಾದದ್ದು ಅದೇ ಸ್ನಾಯು. ರಾತ್ರಿ ಗಿಟಾರ್ ಮುಟ್ಟದೆ ಬೆಳಿಗ್ಗೆಗೆ ಇಟ್ಟುಕೊಂಡೆ. ಬೆರಳಿಗೆ ಹಿಡಿದ ಕರೆ ತಂತಿಗೂ ಅಂಟುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒಂದೊಂದೇ ತಂತಿ ಒರೆಸಬೇಕು. ಹವೆ ಒಣಗುತ್ತಾ ಬಂದು 12ರಲ್ಲಿ ತಂತಿ ಇಳಿಯಿತು, ಉದ್ದದ ಸ್ಯಾಡಲ್ ಮತ್ತೆ ಹಾಕಿದೆ. ಅಳೆದರೆ 2.5.

7. ಈಗ

1-3-5-5 ನಿಮಿಷಕ್ಕೆ 144 ಮಾತ್ರೆಯಲ್ಲಿ ಸ್ವಚ್ಛವಾಗಿ ಬರುತ್ತದೆ. ಗುರಿ 160 ಇತ್ತು, ಹಾಡಿಗೆ 144 ಸಾಕು. ಅಕ್ಕ ಈಗ ಗಾಂಧಾರದ ಸುದ್ದಿ ಎತ್ತುವುದಿಲ್ಲ. ಬದಲಿಗೆ ಚರಣದಲ್ಲಿ ಇನ್ನಷ್ಟು ಮೆಲ್ಲಗೆ ಎನ್ನುತ್ತಾರೆ. ಖರ್ಚು: ತಂತಿ 450, ಹೈಗ್ರೋಮೀಟರ್ 350, ಜೆಲ್ 300, ಮೂಳೆ 200, ಪಿಕ್ 90, ಉಪ್ಪುಕಾಗದ 40. ಒಟ್ಟು ₹1,430. ಫೀಲರ್ ಗೇಜ್ ಮೆಕ್ಯಾನಿಕ್‌ಗೆ ವಾಪಸ್ ಹೋಗಿದೆ.

ಈ ಆಕಾರ ಎಲ್ಲ ರಾಗಕ್ಕೂ ನಡೆಯುತ್ತದೆ ಎಂದುಕೊಳ್ಳಬೇಡಿ. ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ, ಷಡ್ಜದಿಂದ ಕಟ್ಟಿದ ಸ-ಪ-ರಿ ಅಲ್ಲಿ ದಂಡ. ಮಾಯಾಮಾಳವಗೌಳದಲ್ಲಿ ರಿಷಭ ಶುದ್ಧ, ಹಾಗಾಗಿ 3-5-6. ಅದು ಅಗಲವೇ ಅಲ್ಲ.

ಸಿಕ್ಕಿಹಾಕಿಕೊಂಡಿರುವುದು ಮೋಹನದಲ್ಲಿ. ಅಲ್ಲಿ ಗಾಂಧಾರ ಬೇಕು: ಸ-ಪ-ರಿ-ಗ, ಅಂದರೆ ಆರು, ಐದು, ನಾಲ್ಕು, ಮೂರನೇ ತಂತಿಗಳಲ್ಲಿ 3-5-7-4. ಮೂರನೇ ತಂತಿಯ 4ಕ್ಕೆ ನಡುಬೆರಳು ಹೋಗುವುದರಿಂದ ಐದನೇ ತಂತಿಗೆ ಉಂಗುರ ಬೆರಳೇ ಗತಿ, ಬಿಟ್ಟುಬಂದಿದ್ದ ಆ ಉಂಗುರ ಬೆರಳು-ಕಿರುಬೆರಳಿನ ಸಂದಿ ಮತ್ತೆ ಎದುರಿಗೆ. 7-9-11-8ರಲ್ಲಿ ಆ ಸಂದಿ 42 ಮಿ.ಮೀ., ಬರುತ್ತದೆ. 5-7-9-6ರಲ್ಲಿ 47, ಬಿಸಿನೀರಿನಲ್ಲಿ ಕೈ ಅದ್ದಿದ ಬೆಳಿಗ್ಗೆ ಬರುತ್ತದೆ. 3-5-7-4ರಲ್ಲಿ 53. ಉಂಗುರ ಬೆರಳನ್ನು ಒತ್ತಿದರೆ ಕಿರುಬೆರಳು ಎದ್ದು ನಿಲ್ಲುತ್ತದೆ, ಕಿರುಬೆರಳನ್ನು ಒತ್ತಿದರೆ ಐದನೇ ತಂತಿ ಝರ್ರೆನ್ನುತ್ತದೆ. ಸದ್ಯ 4-6-8-5ರಲ್ಲಿ ಕೂತಿದ್ದೇನೆ, 50 ಮಿ.ಮೀ., ಮೆಟ್ರೊನೋಮ್ 60ರಲ್ಲಿ.